ನಡುಮನೆಯ ಕಾರ್ಪೆಟ್

ಅತ್ತೆ ಮತ್ತೆ ಗೋಡೆ ಹಿಡಿದು ಹೊರಟಿದ್ದರು. ತಮ್ಮ ಕೋಣೆಯಿಂದ ಊಟದ ಮೇಜಿಗೆ ಬರಲು ನಡುಮನೆಯನ್ನು ನೇರವಾಗಿ ದಾಟಿದರೆ ಮುಗಿಯಿತು; ಆದರೆ ಅವರು ಪುಸ್ತಕದ ಕಪಾಟಿಗೆ ಬೆನ್ನು ಒತ್ತಿ, ಸೋಫಾದ ಹಿಂದಿನ ಸಂದಿಯಲ್ಲಿ ಅಡ್ಡಡ್ಡ ಸರಿದು, ಚಪ್ಪಲಿ ಗೂಡಿಗೆ ಮೊಣಕಾಲು ತಾಗಿಸಿಕೊಂಡು ಬರುತ್ತಿದ್ದರು. ಅವರ ತೋಳು ತಗುಲಿ ಮೂಲೆಯ ದೀಪದ ಕಂಬ ಓಲಾಡಿತು. ಅಡುಗೆಮನೆಯ ಬಾಗಿಲಲ್ಲಿ ಟೀ ಸೋಸುತ್ತ ನಿಂತಿದ್ದ ಸೊಸೆಗೆ ಮೈ ಉರಿದುಹೋಯಿತು.

"ಅತ್ತೆ, ಮಧ್ಯದಲ್ಲೇ ಬನ್ನಿ. ಅಷ್ಟೊಂದು ಜಾಗ ಇದೆ."

"ಇರಲಿ ಬಿಡಮ್ಮ. ನನಗೆ ಹೀಗೇ ಸರಿ."

"ತುಳಿದರೆ ಕಾರ್ಪೆಟ್ ಏನೂ ಸವೆದುಹೋಗಲ್ಲ."

"ಚೆನ್ನಾಗಿದೆ ಕಾರ್ಪೆಟ್. ನಾನೇನು ಬೇಡ ಅಂದ್ನಾ?"

ಅದೇ ಮಾತು, ಅದೇ ದನಿ. ಹೊಗಳಿದಂತೆಯೂ ಇರಬೇಕು, ಕಾಲಿಡಲೂಬಾರದು. ಸೊಸೆ ಟೀ ಲೋಟವನ್ನು ಮೇಜಿನ ಮೇಲೆ ಕೊಂಚ ಜೋರಾಗಿಯೇ ಇಟ್ಟಳು.

ನಡುಮನೆಗೆ ಏನಾದರೂ ಹಾಸಬೇಕೆಂದು ಮೊದಲು ಹೇಳಿದವರು ಅತ್ತೆಯೇ. ನೆಲ ತಣ್ಣಗೆ ಕೊರೆಯುತ್ತದೆ, ಪಾದ ಜೋಮು ಹಿಡಿಯುತ್ತದೆ, ಸಂಜೆ ಇಬ್ಬರೂ ಕೂತು ರೇಡಿಯೋ ಕೇಳುವ ಜಾಗದಲ್ಲಿ ಮೆತ್ತಗೆ ಏನಾದರೂ ಇದ್ದರೆ ಎಷ್ಟು ಚೆನ್ನ ಎಂದಿದ್ದರು. ಅತ್ತೆ ಏನನ್ನೂ ಬಾಯಿಬಿಟ್ಟು ಕೇಳುವವರಲ್ಲ. ಅವರು ಕೇಳಿದ್ದು ಇದೊಂದನ್ನೇ ಎಂದು ಸೊಸೆ ಅದನ್ನು ತಲೆಗೆ ಹಚ್ಚಿಕೊಂಡುಬಿಟ್ಟಳು.

ಆಯ್ಕೆ ಮಾಡುವುದರಲ್ಲಿ ಅವಳಿಗೆ ತನ್ನ ಮೇಲೆ ಭಾರೀ ನಂಬಿಕೆ. ಮನೆಯ ಕೆಳಗೇ ಇವರ ಕನ್ನಡಕದ ಅಂಗಡಿ. ಗಂಡ ಒಳಗೆ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಹೊರಗೆ ಗಲ್ಲಾದ ಪಕ್ಕದಲ್ಲಿ ನಿಂತು ಇವಳು ಫ್ರೇಮು ಆರಿಸಿಕೊಡುತ್ತಿದ್ದಳು. ಬಂದವರ ಮುಖ ಒಮ್ಮೆ ನೋಡಿ ಹಿಂದಿನ ಗೂಡಿಗೆ ಕೈ ಹಾಕಿದಳೆಂದರೆ ಅದೇ ಫ್ರೇಮು. ಗಿರಾಕಿ ಉಳಿದದ್ದನ್ನೆಲ್ಲ ಹಾಕಿ ನೋಡಿ, ಕನ್ನಡಿಯ ಮುಂದೆ ಮುಖ ಸೊಟ್ಟಗೆ ಮಾಡಿ, ಕೊನೆಗೆ ಅದನ್ನೇ ಕೊಂಡುಹೋಗುತ್ತಿದ್ದ. ಈ ವಿದ್ಯೆ ಕಲಿಸಿದವರೂ ಅತ್ತೆಯೇ. ಮಾವ ತೀರಿಕೊಂಡ ಮೇಲೆ ಗಾಜು ಉಜ್ಜುವುದರಿಂದ ಹಿಡಿದು ಶಟರ್ ಎಳೆಯುವವರೆಗೆ ಅಂಗಡಿಯನ್ನು ಒಬ್ಬರೇ ನಡೆಸಿದ ಹೆಂಗಸು ಅವರು. ಮದುವೆಯಾಗಿ ಬಂದ ಹೊಸತರಲ್ಲಿ ಕನ್ನಡಕದ ಕಡ್ಡಿ ಯಾವ ಕಡೆ ಮಡಚುತ್ತದೆ ಎಂದು ತಿಳಿಯದೆ ಮುರಿದಿಟ್ಟಿದ್ದ ಸೊಸೆಯನ್ನು ಅವರು ಬೈಯಲಿಲ್ಲ, ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿಕೊಟ್ಟರು. ಅವಳು ಅವರನ್ನು ಹಚ್ಚಿಕೊಂಡದ್ದು ಆವತ್ತೇ.

ಆದರೆ ಕಾರ್ಪೆಟ್ಟಿನ ವಿಷಯದಲ್ಲಿ ಆ ನಂಬಿಕೆ ಸಾಲಲಿಲ್ಲ. ಕಾರ್ಪೆಟ್ ಅಂಗಡಿಯವನು ಬಾಯಲ್ಲಿ ಸಕ್ಕರೆ ಇಟ್ಟುಕೊಂಡವನು. ತನ್ನ ಮಾಲನ್ನು ರತ್ನಗಂಬಳಿ ಎಂದೇ ಕರೆಯುತ್ತಿದ್ದ. "ನನ್ನ ದೀಪದಲ್ಲಿ ಎಲ್ಲವೂ ಚೆಂದ ಕಾಣುತ್ತೆ ಮೇಡಂ. ಮನೆಗೆ ಒಯ್ದು ಹಾಸಿ, ನಿಮ್ಮ ಕಿಟಕಿ ಬೆಳಕಿನಲ್ಲಿ ನೋಡಿ, ಒಪ್ಪಿಗೆಯಾದರೆ ಇಟ್ಕೊಳ್ಳಿ," ಎಂದ. ಮೊದಲು ಬಂದ ಕೆಂಪು, ಯಾರೋ ಮಂತ್ರಿ ಬರುವವನಿದ್ದಾನೆ ಎನ್ನುವಂತೆ ನಡುಮನೆಯನ್ನೆಲ್ಲ ತುಂಬಿಕೊಂಡಿತು. ಅದನ್ನು ವಾಪಸು ಮಾಡಿ ತಂದ ಕೆನೆಬಣ್ಣದ್ದರ ಮೇಲೆ ಗಂಡ ಮೊದಲ ಸಂಜೆಯೇ ಟೀ ಚೆಲ್ಲಿದ. ಉಜ್ಜಬಾರದು, ಬಿಳಿ ಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಬೇಕು ಎಂದು ಅವಳು ಮೊಣಕಾಲೂರಿ ಕೂತು ಒತ್ತಿದಳು, ಕಲೆ ಹೋಯಿತು, ಆದರೆ ಇದರ ಜೊತೆ ಜನ್ಮ ಸವೆಸಲಾಗದು ಎಂದು ಮನೆಯವರಿಗೆಲ್ಲ ಗೊತ್ತಾಯಿತು. ಮೂರನೆಯದರ ಮೂಲೆಯನ್ನು ಅವಳು ಅಂಗಡಿಯಲ್ಲೇ ಮಗುಚಿ ನೇಯ್ಗೆಯ ಗಂಟು ಎಷ್ಟು ಒತ್ತಾಗಿದೆ ಎಂದು ನೋಡಿದಳು, ಒದ್ದೆ ಕರವಸ್ತ್ರ ತಿಕ್ಕಿ ಬಣ್ಣ ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಸುತ್ತಲೂ ತಿಳಿಹೊನ್ನಿನ ಬಳ್ಳಿಯ ಅಂಚು. ನಡುವೆ ಒಂದು ಹೂವೂ ಇಲ್ಲದ, ಕಪ್ಪೇ ಎನ್ನಬಹುದಾದ ದಟ್ಟ ಮಸಿನೀಲಿ. ಹಾಸಿದ ಕೂಡಲೇ ನಡುಮನೆಗೆ ಗಾಂಭೀರ್ಯ ಬಂತು. ಗಂಡ ಕೂಡ ಮೊಬೈಲಿನಿಂದ ತಲೆಯೆತ್ತಿ "ಭೇಷ್" ಎಂದ.

ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ," ಎಂದರು. ಆಮೇಲೆ ಗೋಡೆಗೆ ಕೈ ಕೊಟ್ಟರು.

ಅಂದಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಮೊದಲೇ ಕೂತಲ್ಲಿ ಕೂರಲಾರದ ಸೊಸೆ ಈಗ ಆ ಕಾರ್ಪೆಟ್ಟಿನ ಸುತ್ತ ಗಾಣದೆತ್ತಾದಳು. ಜಾರುತ್ತದೆಂಬ ಭಯವಿರಬಹುದು ಎಂದು ಅಡಿಗೆ ರಬ್ಬರಿನ ಬಲೆ ತಂದು ಹಾಕಿದಳು. ಹೊಸ ಉಣ್ಣೆಯ ಎಳೆ ಉದುರಿ ಅತ್ತೆಗೆ ಕೆಮ್ಮು ಬರುತ್ತಿರಬಹುದು ಎಂದು ದಿನಾ ಬೆಳಿಗ್ಗೆ ವ್ಯಾಕ್ಯೂಮ್ ಹಿಡಿದಳು, ಅದೂ ಎಳೆ ವಾಲಿದ ದಿಕ್ಕಿಗೆ ಸರಿಯಾಗಿ, ಎದುರು ಉಜ್ಜದೆ. ಅಂಚಿನ ಕುಚ್ಚುಗಳಿಗೆ ಕಾಲು ಸಿಕ್ಕೀತೆಂದು ಅವನ್ನು ಒಳಕ್ಕೆ ಮಡಚಿ ಹೊಲಿದಳು. ಒಂದು ಕಡೆಯೇ ಬಿಸಿಲು ಬಿದ್ದು ಮಾಸಬಾರದೆಂದು ಗಂಡನ ಕೈಲಿ ಸೋಫಾ ಎತ್ತಿಸಿ ಕಾರ್ಪೆಟ್ಟಿನ ತಲೆ ಕಡೆಯನ್ನು ಕಾಲ ಕಡೆಗೆ ತಿರುಗಿಸಿದಳು. ಬಳ್ಳಿ ಅತ್ತ ಹೋಗಿ ಇತ್ತ ಬಂತು, ನಡುವಿನ ಮಸಿನೀಲಿ ಇದ್ದಲ್ಲೇ ಇತ್ತು. ಅತ್ತೆ ಮಾತ್ರ ಗೋಡೆ ಬಿಡಲಿಲ್ಲ. ಸಂಜೆಯ ರೇಡಿಯೋ ಅವರ ಕೋಣೆಗೆ ಹೋಯಿತು. ಬಾಗಿಲು ಅರ್ಧ ಮುಚ್ಚಿಕೊಂಡು ಅವರೊಬ್ಬರೇ ಕೇಳುತ್ತಿದ್ದರು.

ಎಲ್ಲಕ್ಕಿಂತ ಅವಳನ್ನು ಚುಚ್ಚಿದ್ದು ಬೇರೆಯೇ ಒಂದು ಸಂಗತಿ. ಗಂಡ ಅಂಗಡಿಗೆ ಹೊರಟು ಕಾರ್ಪೆಟ್ ದಾಟುವಾಗಲೆಲ್ಲ ಅತ್ತೆ ಹುಸ್ಸೆಂದು ಉಸಿರೆಳೆದುಕೊಂಡು ಮುಖ ತಿರುಗಿಸುತ್ತಿದ್ದರು. ಒಮ್ಮೆ "ಅಲ್ಲಿ ಹೋಗಬೇಡವೋ," ಎಂದೂ ಅಂದರು. ಕೇಳಿಸಿದರೆ ಕೇಳಿಸಲಿ ಎಂಬಂತೆ ಅಂದದ್ದು ಎಂದು ಸೊಸೆ ಅರ್ಥ ಮಾಡಿಕೊಂಡಳು: ನಿನ್ನ ಹೆಂಡತಿಯ ಅಮೂಲ್ಯ ಕಾರ್ಪೆಟ್ಟು, ತುಳಿದೀಯೆ, ಜೋಕೆ.

"ನಿಮ್ಮಮ್ಮನಿಗೆ ನನ್ನ ಮೇಲೆ ಏನೋ ಸಿಟ್ಟಿದೆ ರೀ."

"ಏನೂ ಇಲ್ಲ ಕಣೇ. ವಯಸ್ಸಾಯ್ತು. ಕಣ್ಣು ಮಂಜಾಗಿರಬೇಕು, ನೋಡೋಣ ಇರು."

ಅವನು ಅಮ್ಮನನ್ನು ಅಂಗಡಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ, ಎದುರಿನ ಅಕ್ಷರದ ಹಲಗೆಗೆ ದೀಪ ಹಾಕಿದ. ಅತ್ತೆ ಮೇಲಿನ ದೊಡ್ಡ ಅಕ್ಷರದಿಂದ ಹಿಡಿದು ತಳದ ಇರುವೆ ಸಾಲಿನವರೆಗೆ ತಡವರಿಸದೆ ಓದಿದರು. ಮಗ ಹೆಮ್ಮೆಯಿಂದ ಮೇಲೆ ಬಂದು, ನಮ್ಮೆಲ್ಲರಿಗಿಂತ ಅಮ್ಮನ ಕಣ್ಣೇ ಚುರುಕಾಗಿದೆ ಎಂದ. ಆ ಹಲಗೆಯನ್ನು ಅಲ್ಲಿ ನೇತುಹಾಕಿದವರು ಅಮ್ಮನೇ, ಅವನು ಹುಟ್ಟುವ ಮುಂಚೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಯಾವ ಸಾಲಿನಲ್ಲಿ ಯಾವ ಅಕ್ಷರ ಎಂದು ಅವರು ಹೇಳಿಯಾರು. ಇದು ಮಗನಿಗೂ ಹೊಳೆಯಲಿಲ್ಲ, ಸೊಸೆಗೂ ಹೊಳೆಯಲಿಲ್ಲ. ಕಣ್ಣಿನ ವ್ಯಾಪಾರದವರು ಕಣ್ಣು ಸರಿಯಿದೆ ಎಂದು ಒಮ್ಮೆ ತೀರ್ಮಾನಿಸಿದರೆ ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ.

ಕಣ್ಣು ಸರಿಯಿದ್ದ ಮೇಲೆ ಉಳಿದದ್ದು ಹಟವೇ ತಾನೆ? ಸೊಸೆ ಒಂದು ದಿನ ನೇರವಾಗಿ ಕೇಳಿಯೇಬಿಟ್ಟಳು.

"ಇಷ್ಟ ಇಲ್ಲ ಅಂದ್ರೆ ಹೇಳಿ ಅತ್ತೆ. ಈಗಲೇ ಸುತ್ತಿ ಅಟ್ಟಕ್ಕೆ ಹಾಕ್ತೀನಿ."

"ಯಾಕೆ? ಅಷ್ಟು ಅಲೆದು ತಂದಿದೀಯ. ಇರಲಿ."

"ಮತ್ತೆ ಯಾಕೆ ಕಾಲಿಡಲ್ಲ?"

ಅತ್ತೆ ಅವಳ ಮುಖ ನೋಡಿದರು, ಏನೋ ಹೇಳುವವರಂತೆ ಬಾಯಿ ತೆರೆದರು. ಆಮೇಲೆ ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. "ಟೀಗೆ ಸಕ್ಕರೆ ಹಾಕಿದ್ಯಾ?" ಎಂದರು. ಅದನ್ನು ಅವರು ಆಗಲೇ ಒಮ್ಮೆ ಕೇಳಿಯಾಗಿತ್ತು.

ಬೇಡ ಎಂಬ ಒಂದು ಮಾತು ಅವರ ಬಾಯಿಂದ ಬಂದರೆ ಆ ಕ್ಷಣವೇ ಸುತ್ತಿಡಬೇಕೆಂದು ಸೊಸೆ ಕಾದಳು. ಮಾತು ಬರಲಿಲ್ಲ. ಬಾರದೆ ತೆಗೆಯುವುದಿಲ್ಲ ಎಂದು ಅವಳೂ ಬಿಗಿದುಕೊಂಡು ಕೂತಳು. ಅಷ್ಟರಲ್ಲಿ ನಾದಿನಿ ಬಂದಳು. ಆಕೆ ಊರಿನ ಇನ್ನೊಂದು ತುದಿಯಲ್ಲಿ ಇರುವವಳು, ಗಾಳಿಯಂತೆ ಬಂದು ಗಾಳಿಯಂತೆ ಹೋಗುವವಳು. ಅಮ್ಮ ಸೋಫಾದ ಹಿಂದೆ ಅಡ್ಡಡ್ಡ ನುಸುಳುವುದನ್ನು ಕಂಡು ಅವಳ ಮುಖ ಕೆಂಪೇರಿತು.

"ಇದೇನು ಅತ್ತಿಗೆ, ಅಮ್ಮನಿಗೆ ತನ್ನ ಮನೇಲೇ ನಡೆಯೋಕೆ ಜಾಗ ಇಲ್ವಾ?"

"ನಾನೇನು ಬೇಲಿ ಹಾಕಿದೀನಾ?"

"ಹಾಕಿಲ್ಲ. ಹಾಸಿದೀಯ."

ಭಾನುವಾರ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ, ಇನ್ನು ಅವಳು ನನ್ನ ಹತ್ತಿರವೇ ಇರಲಿ ಎಂದಳು ಮಗಳು. ಅಮ್ಮ ಹೂಂ ಎಂದರು. ಆ ಹೂಂ ಸೊಸೆಯ ಎದೆಗೆ ನಾಟಿತು. ಇಷ್ಟು ವರ್ಷ ಒಂದೇ ಲೋಟದ ಟೀಯನ್ನು ಹಂಚಿಕೊಂಡು ಕುಡಿದವರು ಒಂದು ಮಾತೂ ಆಡದೆ ಹೊರಟು ನಿಂತರೆ, ತಾನು ಈ ಮನೆಯಲ್ಲಿ ಏನಾಗಿದ್ದೆ ಎಂದು ಅವಳಿಗೆ ಅನಿಸಿತು. ಹೋಗಬೇಡಿ ಎನ್ನಲು ಬಿಗುಮಾನ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಮಾಡಿದ್ದನ್ನೇ ಮಾಡಿದಳು. ಒಲೆ ಒರೆಸಿದಳು, ಒರೆಸಿದ ಒಲೆಯನ್ನು ಮತ್ತೆ ಒರೆಸಿದಳು. ಅತ್ತೆಯ ಸ್ವೆಟರುಗಳನ್ನು ಮಡಚಿ ಚೀಲಕ್ಕೆ ತುಂಬಿ, ತೆಗೆದು, ಮತ್ತೆ ತುಂಬಿದಳು. ಗಂಡ ತಂಗಿಯ ಕಾರಿಗೆ ದಾರಿ ಮಾಡಿಕೊಡಲು ಅಂಗಡಿಯ ಮುಂದಿನ ಸ್ಕೂಟರ್ ಸರಿಸುತ್ತೇನೆಂದು ಕೆಳಗೆ ಹೋದ. ಈ ಇಬ್ಬರ ನಡುವೆ ನಿಲ್ಲುವುದಕ್ಕಿಂತ ಸ್ಕೂಟರ್ ಸರಿಸುವುದು ಸುಲಭ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆ ಹೊರಡುವ ಬಟ್ಟೆ ಉಟ್ಟು ಕೋಣೆಯಿಂದ ಬಂದರು. ಕೈಯಲ್ಲಿ ಚೀಲ. ಗೋಡೆ ಹಿಡಿದು, ಕಪಾಟು ದಾಟಿ, ಸೋಫಾದ ಹಿಂದಿನ ಸಂದಿಗೆ ಬಂದು ಸಿಕ್ಕಿಕೊಂಡರು. ಚೀಲ ತೂರಲಿಲ್ಲ. ಎಳೆದರು, ನೂಕಿದರು, ಬೆವರಿದರು. ಕೊನೆಗೆ ಹಿಂದಕ್ಕೆ ಸರಿದು ಸೋಫಾದ ತೋಳಿನ ಪಕ್ಕ ಕಾರ್ಪೆಟ್ಟಿನ ಅಂಚಿಗೆ ಬಂದು ನಿಂತುಬಿಟ್ಟರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸೊಸೆಯ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು.

"ಹೋಗೋ ದಿನವಾದರೂ ಒಂದು ಸಲ ಇದರ ಮೇಲೆ ಕಾಲಿಡಿ ಅತ್ತೆ! ನಿಮಗೋಸ್ಕರ ತಂದದ್ದು ಇದು!"

ಅವಳು ಕಾರ್ಪೆಟ್ಟಿನ ಮೇಲೆ ನಿಂತು ಅವರ ಮಣಿಕಟ್ಟು ಹಿಡಿದಳು. ಅತ್ತೆ ಸೋಫಾದ ತೋಳನ್ನು ಬಿಗಿಯಾಗಿ ಅವಚಿಕೊಂಡರು. "ಬೇಡ ಕಣೇ, ಬೇಡ," ಎಂದರು. ಅವಳು ಎಳೆದಳು. ಅತ್ತೆ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೈ ಕೊಸರಿಕೊಂಡರು. ಹಿಡಿತ ತಪ್ಪಿದ ಸೊಸೆ ಹಿಂದಕ್ಕೆ ಮುಗ್ಗರಿಸಿ ಕಾರ್ಪೆಟ್ಟಿನ ನಟ್ಟನಡುವೆ ದೊಪ್ಪನೆ ಬಿದ್ದಳು.

ಪೆಟ್ಟೇನೂ ಆಗಲಿಲ್ಲ. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು. ಏಳಬೇಕೆಂದು ತಲೆಯೆತ್ತಿದವಳು ಅತ್ತೆಯ ಮುಖ ನೋಡಿ ಹಾಗೇ ಉಳಿದಳು. ಆ ಮುಖದಲ್ಲಿ ರಕ್ತವೇ ಇರಲಿಲ್ಲ.

ಮೊಣಕಾಲು ಮಡಚಲಾರದೆ ಹಾಸಿಗೆಯನ್ನೇ ಎತ್ತರ ಮಾಡಿಸಿಕೊಂಡಿದ್ದ ಅತ್ತೆ ನೆಲಕ್ಕೆ ಕೂತರು. ಕೂತು, ಮೆಲ್ಲನೆ ಹೊಟ್ಟೆಯ ಮೇಲೆ ಮಲಗಿದರು. ಎಡಗೈಯಿಂದ ಸೋಫಾದ ಕಾಲನ್ನು ಸುತ್ತಿ ಹಿಡಿದುಕೊಂಡರು. ಬಲಗೈಯನ್ನು ಹೊನ್ನಬಳ್ಳಿಯ ಅಂಚಿನಾಚೆಗೆ, ಮಸಿನೀಲಿಯ ಮೇಲಕ್ಕೆ ಚಾಚಿದರು. ಆ ಕೈ ಕಾರ್ಪೆಟ್ಟಿಗೆ ತಾಗಲಿಲ್ಲ, ಗಾಳಿಯಲ್ಲೇ ನಿಂತಿತು.

"ಅಲ್ಲಾಡಬೇಡ," ಎಂದರು. "ಕೆಳಗೆ ನೋಡಬೇಡ ಮಗಳೇ. ತುಂಬಾ ಆಳ ಇದೆ. ನನ್ನ ಕೈ ಹಿಡ್ಕೋ."

ಸೊಸೆ ಕೆಳಗೆ ನೋಡಿದಳು. ತಾನೇ ಆರಿಸಿ ತಂದ ಬಣ್ಣ. ಗಂಡ ದಾಟುವಾಗಲೆಲ್ಲ ಹುಸ್ಸೆಂದು ಎಳೆದುಕೊಂಡ ಆ ಉಸಿರು, ಆ ತಿರುಗಿಸಿದ ಮುಖ, ಹೇಳಲು ಹೋಗಿ ನುಂಗಿಕೊಂಡ ಮಾತು ಎಲ್ಲ ಒಟ್ಟಿಗೇ ಅವಳ ನೆನಪಿಗೆ ಬಂದವು. ಇಷ್ಟು ದಿನ ಈ ಹೆಂಗಸು ಬೆಳಗಾದರೆ ಈ ಬಾವಿಯ ದಂಡೆಯ ಮೇಲೆ ನಡೆದುಬಂದು ತನ್ನ ಕೈಯ ಟೀ ಕುಡಿದಿದ್ದಾರೆ. ಇದು ನೆಲ ಅತ್ತೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ಆಡಲಿಲ್ಲ.

ಕೆಳಗೆ ಕಾರಿನ ಹಾರ್ನ್ ಕೇಳಿಸಿತು. ಇಬ್ಬರೂ ಆ ಕಡೆ ತಿರುಗಲಿಲ್ಲ.

"ಸಿಕ್ತಾ? ಇನ್ನೂ ಸ್ವಲ್ಪ ಚಾಚು."

ಅವಳು ಮುಂದಕ್ಕೆ ಬಾಗಿ ಆ ಕೈಯನ್ನು ಹಿಡಿದುಕೊಂಡಳು. ಬೆವರಿಗೆ ಜಾರುತ್ತಿತ್ತು. ಇನ್ನೊಂದು ಕೈಯನ್ನೂ ಸೇರಿಸಿ ಹಿಡಿದಳು.

"ಬಿಡಬೇಡಿ ಅತ್ತೆ," ಎಂದಳು.

"ಬಿಡಲ್ಲ. ನಾನಿದೀನಿ. ಬಾ."

ಅತ್ತೆ ಹಲ್ಲು ಕಚ್ಚಿ ಎಳೆದರು. ಅವಳು ಅವರ ಎಳೆತಕ್ಕೆ ತಕ್ಕಷ್ಟೇ, ಅದಕ್ಕಿಂತ ಒಂದಿಷ್ಟೂ ಹೆಚ್ಚಲ್ಲದೆ, ಮೊಣಕಾಲ ಮೇಲೆ ಮೆಲ್ಲಮೆಲ್ಲನೆ ಮೇಲಕ್ಕೆ ಬಂದಳು.