ಬೋಗುಣಿಯ ನೀರು

ನೀರು ಅಲುಗಿತೇ, ಇಲ್ಲ, ನೊಣ ಕೂತಿತ್ತು, ಹಾರಿತು, ನೀರು ಮತ್ತೆ ನಿಂತಿದೆ — ಕಿವಿ ಇಡು ಓವಿಯಾ, ಇಟ್ಟ ಹಾಗಾದರೂ ಮಾಡು, ಗೋಡೆಯ ಮೇಲಿನಿಂದ ಕಾವಲಿನ ಟ್ರೆಬಿಯಸ್ ನೋಡುತ್ತಿದ್ದಾನೆ. ಗೋಡೆಯ ಬುಡದಲ್ಲಿ ಹೂತಿಟ್ಟ ಈ ಕಂಚಿನ ಬೋಗುಣಿಗೆ ಕಿವಿಯಾನಿಸಿ ಕೂರುವುದು ನನ್ನ ಕೆಲಸ, ಊರನ್ನು ಮುತ್ತಿ ಕೂತಿರುವ ಕಾರ್ಥೇಜಿನವರು ಆಚೆಯಿಂದ ಸುರಂಗ ತೋಡಿದರೆ ಕಂಚು ಗುಂಯ್ ಎನ್ನುತ್ತದಂತೆ, ಎನ್ನಲಿ, ನನಗೇನು ಕೇಳುತ್ತದೆ ಮಣ್ಣು, ಹೋದ ಚಳಿಗಾಲದ ಜ್ವರ ಎರಡು ಕಿವಿಯನ್ನೂ ನುಂಗಿಕೊಂಡು ಹೋಯಿತು. ಅದು ಗೊತ್ತಿರುವುದು ಸೊಸೆ ಪಾಕ್ಯಾ ಒಬ್ಬಳಿಗೇ. ಮುಖಕ್ಕೆ ಮುಖ ಕೊಟ್ಟು ತುಟಿ ಅಗಲಿಸಿ ಹೇಳಿದ್ದಳು, ಅತ್ತೇ, ನಮ್ಮತ್ತೆಗೆ ಇರುವೆ ನಡೆದ್ರೂ ಕೇಳ್ಸುತ್ತೆ ಅಂತ ಹಿರಿಯರ ಹತ್ರ ಹೇಳಿ ಬಂದಿದೀನಿ, ದಮ್ಮಯ್ಯ, ಮರ್ಯಾದೆ ಕಳೀಬೇಡಿ, ಇಲ್ದಿದ್ರೆ ನಿಮ್ಮನ್ನೂ ಆಚೆ ತಳ್ತಾರೆ. ಅದಕ್ಕೇ ನನ್ನ ಪಾಲಿನ ಕುಡಿಯುವ ನೀರನ್ನು ಇದಕ್ಕೆ ಸುರಿದಿದ್ದೇನೆ, ಕಿವಿ ಕೇಳದ್ದನ್ನು ಕಣ್ಣಾದರೂ ಕಾಣಲಿ ಎಂದು, ಟ್ರೆಬಿಯಸ್ ಹುಬ್ಬೇರಿಸಿದ್ದಕ್ಕೆ ಭೂತಾಯಿಗಪ್ಪ ಅಂದೆ, ನಂಬಿದ, ಪಾಪ, ಅವನು ನಕ್ಕಾಗಲೆಲ್ಲ ನಾನೂ ನಗುತ್ತೇನೆ, ಏನು ತಮಾಷೆಯೋ ಏನೋ.

ಆಚೆ. ರೋಮ್ ಸಹಾಯ ಬೇಡಲು ಹೋದ ನಮ್ಮ ದೂತರಿಗೆ ನಿಮ್ಮ ದಾರಿ ನೀವು ನೋಡ್ಕೊಳ್ಳಿ ಅಂದುಬಿಟ್ಟಿತು, ಊರಿನಲ್ಲಿ ಚಪ್ಪಲಿಯ ತೊಗಲು ಬೇಯಿಸಿ ತಿನ್ನುತ್ತಿದ್ದೇವೆ, ಗೋಡೆಯ ಕೆಲಸಕ್ಕೆ ಬಾರದವರಿಗೆ ಪೆಟೇಲಿಯಾದಲ್ಲಿ ಜಾಗವಿಲ್ಲ ಎಂದರು ಹಿರಿಯರು, ಕಾಲು ಬಿದ್ದುಹೋಗಿದ್ದ ಪಕ್ಕದ ಮನೆಯ ವಿಬಿಯಾಳನ್ನು ಹೊತ್ತುಕೊಂಡೇ ಹೋಗಿ ಊರಬಾಗಿಲಾಚೆ ಇಟ್ಟರು. ಇವರು ಒಳಗೆ ಬಿಡಲಿಲ್ಲ, ಕಾರ್ಥೇಜಿನವರು ದಾಟಲು ಬಿಡಲಿಲ್ಲ, ಗೋಡೆಯ ಕೆಳಗೇ ಕಡಿದು ಹಾಕಿದರು. ಎಲ್ಲರೂ ಕಿವಿ ಮುಚ್ಚಿಕೊಂಡರು, ನಾನು ಮುಚ್ಚಲಿಲ್ಲ, ಮುಚ್ಚುವುದಕ್ಕೇನಿತ್ತು, ವಿಬಿಯಾಳ ಬಾಯಿ ನನ್ನತ್ತಲೇ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಏನಂದಳೋ — ಅಯ್ಯೋ, ನೀರು.

ನೀರಿನಲ್ಲಿ ಉಂಗುರ. ನೊಣವಿಲ್ಲ. ನನ್ನ ಕೈಯೇ ತಾಗಿರಬೇಕು, ತೆಗಿ ಕೈಯನ್ನು, ತೆಗೆದೆ, ಮತ್ತೊಂದು ಉಂಗುರ, ಅದರ ಹಿಂದೆಯೇ ಇನ್ನೊಂದು, ಕೆಳಗೆ ತೋಡುತ್ತಿದ್ದಾರೆ, ಸುಮ್ಮನಿದ್ದರೆ ಇವತ್ತು ನಾನು ಉಳಿದೇನು, ಕೂಗಿದರೆ ನೂರು ಪ್ರಶ್ನೆ ಕೇಳುತ್ತಾರೆ, ಕಿವುಡು ಬಯಲಾಗುತ್ತದೆ, ಆದರೆ ಪಾಕ್ಯಾ ಇದೇ ಗೋಡೆಯ ಮೇಲೆ ಕಲ್ಲು ಹೊರುತ್ತಿದ್ದಾಳೆ, ಇದು ಕುಸಿದರೆ ಮೊದಲು ಅವಳೇ — ಕೂಗಿದೆ, ತೋಡ್ತಾವ್ರೆ, ತೋಡ್ತಾವ್ರೆ ಕಣೋ, ದನಿ ಹೊರಟಿತೋ ಇಲ್ಲವೋ, ಹೊರಟಿರಬೇಕು, ಟ್ರೆಬಿಯಸ್ ಇಳಿದು ಓಡಿಬಂದ, ಕಂಚಿಗೆ ಕಿವಿಯಿಟ್ಟ, ಮುಖ ಬಿಳಿಚಿಕೊಂಡಿತು. ನನ್ನ ಕಡೆ ತಿರುಗಿ ಏನೋ ಕೇಳಿದ. ಹಾಳು ಗಡ್ಡ, ತುಟಿಯೇ ಕಾಣುವುದಿಲ್ಲ. ಮತ್ತೆ ಕೇಳಿದ. ಹೌದಪ್ಪ, ಹೌದು, ಅಂದೆ. ಅವನು ನನ್ನನ್ನೇ ನೋಡಿದ, ಹೌದು ಅನ್ನುವ ಪ್ರಶ್ನೆಯಲ್ಲವೇನೋ ಅದು, ಆಮೇಲೆ ಮೆಲ್ಲನೆ ಎದ್ದು ನನ್ನ ಬೆನ್ನ ಹಿಂದೆ ಹೋಗಿ ನಿಂತ. ಯಾಕೆ ಹಿಂದೆ, ನನ್ನ ಕಿವಿ ಪರೀಕ್ಷೆ ಮಾಡ್ತೀಯೇನೋ, ಎದುರಿಗೆ ಬಾರೋ ಮಗನೇ, ಎದುರಿಗೆ ಬಂದು ಕೇಳು — ನೀರಿನಲ್ಲಿ ನನ್ನ ತಲೆಯ ಹಿಂದೆ ಅವನ ಮುಖ, ಬಾಯಿ ತೆರೆಯುತ್ತಿದೆ, ಉಂಗುರ ಬಂದು ಅದನ್ನು ಒಡೆಯುತ್ತದೆ, ಕೂಡುತ್ತದೆ, ಬಾಯಿ ತೆರೆಯುತ್ತದೆ, ಉಂಗುರ, ಬಾಯಿ, ಉಂಗುರ, ಬಾಯಿ