ಎಂಬತ್ತರ ನಡುಕ

ಬೊಮ್ಮಣ್ಣ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಅವನ ಬಿಳಿ ಕಾರು ಚಳ್ಳಕೆರೆಯ ಖಾಜಾ ಹುಸೇನನ ಗ್ಯಾರೇಜಿನ ಮುಂದೆ ಬಂದು ನಿಂತಾಗ, ಹಾಳು ಅಭ್ಯಾಸ ನೋಡಿ, “ಬಂದನಪ್ಪ ನವಾಬ” ಎನ್ನಲು ಖಾಜಾ ಬಾಯಿ ತೆರೆದೇಬಿಟ್ಟಿದ್ದ. ಇಳಿದವಳು ಬೊಮ್ಮಣ್ಣನ ಮಗಳು ರಂಜಿತಾ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಬೊಮ್ಮಣ್ಣ ಮೊಳಕಾಲ್ಮೂರಿನ ನೇಕಾರ. ಹದಿನೆಂಟು ವರ್ಷ ಆ ಕಾರಿನಲ್ಲಿ ರೇಷ್ಮೆ ಸೀರೆ ಹಾಕಿಕೊಂಡು ಅಂಗಡಿ ಅಂಗಡಿ ತಿರುಗಿದವನು. ಕಾರಿಗೆ ನೆಗಡಿಯಾದರೂ ಅವನಿಗೆ ಖಾಜಾನೇ ಬೇಕು. ಇಬ್ಬರೂ ಬೈದಾಡಿಕೊಳ್ಳದೆ ಒಂದು ಲೋಟ ಚಹಾ ಮುಗಿಸಿದ್ದನ್ನು ಕಂಡವರಿಲ್ಲ. ರಂಜಿತಾಳಿಗೆ ಕಾರು ಓಡಿಸಲು ಕಲಿಸಿದವನೂ ಖಾಜಾನೇ. ಅಪ್ಪನ ಹತ್ತಿರ ಕಲಿತಿದ್ದರೆ ಕುರಿಮಂದೆಯೂ ಅವಳನ್ನು ಹಿಂದೆ ಹಾಕಿ ಹೋಗುತ್ತಿತ್ತು.

“ಬಾರವ್ವ, ಒಳಗೆ ಬಾ. ಚಾ ಕುಡಿವಂತೆ,” ಎಂದ ಖಾಜಾ.

“ಚಾ ಆಮೇಲೆ ಮಾಮ. ಎಂಬತ್ತಕ್ಕೆ ಹೋದ್ರೆ ಕಾರು ನಡುಗ್ತೈತೆ. ಗುಡುಗುಡು ಅಂತ ಸದ್ದು ಬೇರೆ.”

“ಬಿಟ್ಟು ಹೋಗು, ಸರಿ ಮಾಡ್ತೀನಿ.”

“ಸರಿ ಮಾಡೋದು ಇರ್ಲಿ. ಆ ನಡುಕದಾಗೇ ಹಂಗೇ ಓಡಿಸಿದ್ರೆ ಏನಾಗ್ತಿತ್ತು? ಅದು ಹೇಳು ನಂಗೆ.”

ಮನೆಮಾತು ತೆಲುಗಾದ್ದರಿಂದ ಅಪ್ಪನನ್ನು ಅವಳು ನಾನ್ನ ಎಂದೇ ಕರೆಯುತ್ತಿದ್ದುದು. ಬಾನೆಟ್ ಮೇಲೆ ಕೈಯೂರಿ ನಿಂತು ಒಂದೇ ಉಸಿರಿಗೆ ಹೇಳಿದಳು. “ಆವತ್ತು ಮಧ್ಯಾಹ್ನ ನಾನ್ನಗೆ ಎದೆನೋವು ಬಂತು. ಆಂಬುಲೆನ್ಸ್ ಯಾಕೆ ಕಾಯೋದು ಅಂತ ನಾನೇ ಕರ್ಕೊಂಡು ಹೊರಟೆ. ಅವ್ವನ ತೊಡೆ ಮೇಲೆ ಮಲಗಿದ್ದ. ಕೊಂಡ್ಲಹಳ್ಳಿ ತಾವ ಎಂಬತ್ತು ಮುಟ್ಟಿದೆ ನೋಡು, ಸ್ಟೇರಿಂಗು ಕೈಯಾಗೆ ನಿಲ್ತಾನೇ ಇಲ್ಲ. ಗಾಲಿ ಕಳಚಿ ಮೂರೂ ಜನ ಹೋಗ್ತೀವಿ ಅನ್ನಿಸ್ತು. ಐವತ್ತಕ್ಕೆ ಇಳಿಸ್ದೆ. ಚಳ್ಳಕೆರೆ ತನಕ ಐವತ್ತೇ, ಮಾಮ.”

ಆಸ್ಪತ್ರೆಯ ಬಾಗಿಲಲ್ಲೇ ಬೊಮ್ಮಣ್ಣನ ಉಸಿರು ನಿಂತಿತ್ತು. ಕಾಲು ಗಂಟೆ ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದು ಯಾರೋ ಬಿಳಿ ಕೋಟಿನವರು ಹೇಳಿ ಹೋದರಂತೆ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಹೇಳಿದವರು ಸಂಜೆಗೇ ಮರೆತಿರುತ್ತಾರೆ. ಕೇಳಿಸಿಕೊಂಡ ಹುಡುಗಿಗೆ ಮಾತ್ರ ಅಂದಿನಿಂದ ನಿದ್ದೆಯಿಲ್ಲ, ಕೆನ್ನೆಯ ಮೂಳೆಗಳು ಎದ್ದು ಕಾಣುತ್ತಿದ್ದವು.

ಖಾಜಾ ಕೀಲಿ ಇಸಿದುಕೊಂಡು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಣ್ಣೆಗಿರಣಿಗಳನ್ನು ದಾಟಿ ಮೊಳಕಾಲ್ಮೂರಿನ ಕಡೆಗೆ ಕಾರು ಬಿಟ್ಟ. ಎಪ್ಪತ್ತರವರೆಗೆ ಕಾರು ಸುಮ್ಮನಿತ್ತು. ಎಪ್ಪತ್ತೈದಕ್ಕೆ ಸ್ಟೇರಿಂಗು ಸಣ್ಣಗೆ ಅದುರತೊಡಗಿತು. ಎಂಬತ್ತಕ್ಕೆ ಅದರ ಜೊತೆ ಡ್ಯಾಶ್‌ಬೋರ್ಡೂ ಗುಡುಗುಡು ಎಂದಿತು. ಗೇರು ತೆಗೆದು ಬಿಟ್ಟ, ನಡುಕ ನಿಲ್ಲಲಿಲ್ಲ. ಅಂದಮೇಲೆ ಇಂಜಿನ್ನಿನದಲ್ಲ. ಬ್ರೇಕು ಮುಟ್ಟಿದ, ಹೆಚ್ಚಾಗಲಿಲ್ಲ. ಬ್ರೇಕಿನದೂ ಅಲ್ಲ. ಉಳಿದದ್ದು ಗಾಲಿ, ಇಲ್ಲವೇ ಅದನ್ನು ಹಿಡಿದು ತಿರುಗಿಸುವ ಬೇರಿಂಗು. ಗಾಲಿ ಕಳಚುವುದಿದ್ದರೆ ಅದರಿಂದಲೇ. ಮೂವತ್ತೈದು ವರ್ಷದ ಕಸುಬಿನಲ್ಲಿ ಮೊದಲ ಸಲ ಖಾಜಾ, ಕಾರಿಗೆ ದೊಡ್ಡ ಕಾಯಿಲೆಯೇ ಇರಲಿ ಎಂದು ಅಲ್ಲಾನಲ್ಲಿ ಬೇಡಿಕೊಂಡ. ಸ್ಟೇರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ ಕಿವಿಗೊಟ್ಟ. ಕೆಟ್ಟ ಬೇರಿಂಗಾಗಿದ್ದರೆ ಭಾರ ಬಿದ್ದ ಕಡೆ ಗುಂಯ್ ಎನ್ನಬೇಕು. ಅನ್ನಲಿಲ್ಲ.

“ಏನು ಮಾಮ?” ಅವಳು ರಸ್ತೆ ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದಳು.

“ಬಿಚ್ಚಿ ನೋಡ್ದೆ ಹೇಳಾಕಾಗಲ್ಲವ್ವ.”

ಅವಳನ್ನು ಹಿಂದುಗಡೆಯ ಮನೆಗೆ, ಹೆಂಡತಿ ಹಜರಾ ಬೀ ಹತ್ತಿರ ಕಳಿಸಿ, ಜಾಕ್ ಕೊಟ್ಟು ಗಾಲಿ ತಿರುಗಿಸಿದ. ಬೇರಿಂಗು ಗಟ್ಟಿಯಾಗಿತ್ತು, ನುಣ್ಣಗೆ ತಿರುಗಿತು. ಗಾಲಿಯ ಅಂಚಿನಲ್ಲಿ ಇರಬೇಕಾಗಿದ್ದ ತೂಕ ಸರಿದೂಗಿಸುವ ಬ್ಯಾಲೆನ್ಸಿನ ಸೀಸದ ತುಂಡು ಮಾತ್ರ ಇರಲಿಲ್ಲ. ಬಿದ್ದುಹೋಗಿರಲಿಲ್ಲ, ಹಾಕಿರಲೇ ಇಲ್ಲ.

ಎರಡು ತಿಂಗಳ ಹಿಂದೆ, ಒಂದು ಶುಕ್ರವಾರ, ಮುಂದಿನ ಎರಡೂ ಗಾಲಿಗೆ ಹೊಸ ಟೈರು ಹಾಕಿದವನು ಖಾಜಾ. ವೀಲ್ ಬ್ಯಾಲೆನ್ಸಿಗೆ ಬೈಪಾಸಿನ ಅಂಗಡಿಗೆ ಹೋಗಬೇಕು. ಅವನಿಗೆ ನಮಾಜಿಗೆ ಹೊತ್ತಾಗಿತ್ತು, ಬೊಮ್ಮಣ್ಣನಿಗೆ ಸೀರೆ ಮುಟ್ಟಿಸುವ ಅವಸರ. “ಬಿಡಲೇ ಖಾಜಾ, ನಾನು ಅರವತ್ತು ದಾಟೋನಲ್ಲ,” ಅಂದಿದ್ದ ಬೊಮ್ಮಣ್ಣ. “ಹೌದಲೇ, ಹೆಣ ಹೊರೋರು ನಿನಗಿಂತ ಜೋರಾಗಿ ಹೋಗ್ತಾರೆ, ನಿಂಗ್ಯಾಕೆ ಬ್ಯಾಲೆನ್ಸು,” ಅಂದಿದ್ದ ಖಾಜಾ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಖಾಜಾ ಗಾಲಿಯ ಪಕ್ಕದಲ್ಲೇ ಕುಕ್ಕರಿಸಿ, ಗ್ರೀಸಿನ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತ.

ನಿಜ ಹೇಳಬೇಕೆಂದರೆ ಹೇಳುವುದಿಷ್ಟೇ: ಆ ನಡುಕಕ್ಕೆ ಗಾಲಿ ಕಳಚುವುದಿಲ್ಲ. ಕೈ ಜೋಮು ಹಿಡಿಯುತ್ತದೆ, ಹಲ್ಲು ಕಟಕಟ ಎನ್ನುತ್ತದೆ, ಅಷ್ಟೇ. ನೂರರಲ್ಲಿ ಓಡಿಸಿದ್ದರೂ ಬರಬಹುದಿತ್ತು. ಇದನ್ನು ಕೇಳಿ ಆ ಹುಡುಗಿ ಬದುಕುವುದು ಹೇಗೆ? ಬೇರಿಂಗು ಹೋಗಿತ್ತು ಎಂದುಬಿಟ್ಟರೆ ಅವಳೂ ಉಳಿದುಕೊಂಡಳು, ಖಾಜಾನೂ ಉಳಿದುಕೊಂಡ. ತಾನೂ ಉಳಿದುಕೊಳ್ಳುವ ಆ ಸುಳ್ಳು ಅವನಿಗೆ ಹೇಸಿಗೆಯಾಯಿತು. ಅವಳೊಬ್ಬಳೇ ಉಳಿದುಕೊಳ್ಳುವ ಸುಳ್ಳೊಂದು ಹೊಳೆದ ಮೇಲೆ ಎದ್ದ.

ಒಳ್ಳೆಯ ಬೇರಿಂಗನ್ನು ಕಳಚಿ ಹೊಸದು ಕೂರಿಸಿದ. ಬೈಪಾಸಿಗೆ ಹೋಗಿ ಬ್ಯಾಲೆನ್ಸು ಮಾಡಿಸಿಕೊಂಡು ಬಂದ. ಗುಜರಿ ಡಬ್ಬ ಕೆದಕಿ, ಅದೇ ಅಳತೆಯ ಸವೆದ ಬೇರಿಂಗೊಂದನ್ನು ಹುಡುಕಿ ತೆಗೆದ. ಆಮೇಲೆ ರಂಜಿತಾಳನ್ನು ಕರೆದು ಅದನ್ನು ಅವಳ ಅಂಗೈಯಲ್ಲಿಟ್ಟ.

“ತಿರುಗ್ಸಿ ನೋಡವ್ವ.”

ಅದು ಕರಕರ ಎಂದು ಅಲುಗಾಡುತ್ತ ತಿರುಗಿತು.

“ಎಂಬತ್ತರಾಗೆ ಇನ್ನೊಂದು ಸ್ವಲ್ಪ ಓಡಿಸಿದ್ರೆ ಗಾಲಿ ಕಳಚ್ತಿತ್ತು. ನೀನು ನಿಧಾನ ಮಾಡಿದ್ದೇ ಸರಿ. ನಿಮ್ಮವ್ವನ್ನ ಉಳಿಸ್ಕೊಂಡೆ ನೀನು.”

ರಂಜಿತಾ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಇಪ್ಪತ್ತು ದಿನದ ಅಳು ಒಟ್ಟಿಗೇ ಬಂತು. “ಸರಿನಾ ಮಾಮ? ನಿಜವಾಗ್ಲೂ ಸರಿನಾ?” ಎಂದು ಕೇಳಿ ಕೇಳಿ ಅತ್ತಳು. ಖಾಜಾ ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಮುಂದಿನ ಪ್ರಶ್ನೆ ಅವನಿಗೆ ಗೊತ್ತಿತ್ತು. ಜಾಣೆ ಹುಡುಗಿ, ಕೇಳದೆ ಇರುವವಳಲ್ಲ.

ಕಣ್ಣೊರೆಸಿಕೊಂಡು ಅವಳು ತಲೆಯೆತ್ತಿದಳು. “ಎರಡು ತಿಂಗಳ ಹಿಂದೆ ನೀನೇ ಅಲ್ವಾ ಟೈರು ಹಾಕಿದ್ದು? ಗಾಲಿ ಬಿಚ್ಚಿದ್ದಿ. ಆವಾಗ ಕಾಣ್ಲಿಲ್ವಾ?”

“ಕಂಡಿತ್ತು.”

“ಕಂಡಿತ್ತಾ?”

“ನಿಮ್ಮಪ್ಪ ಅರವತ್ತು ದಾಟೋನಲ್ಲ, ಮುಂದಿನ ಸಲ ನೋಡಾನ ಅಂತ ಬಿಟ್ಟೆ.”

ಅವಳ ತಲೆಯ ಮೇಲಿದ್ದ ಅವನ ಕೈ ತಾನಾಗಿಯೇ ಕೆಳಗೆ ಬಂತು. ರಂಜಿತಾ ಬೇರಿಂಗನ್ನೇ ನೋಡುತ್ತಿದ್ದಳು. ಬೈದಿದ್ದರೆ, ಅದರಿಂದಲೇ ಅವನಿಗೆ ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಅದನ್ನು ದುಪಟ್ಟಾದ ತುದಿಗೆ ಬಿಗಿಯಾಗಿ ಗಂಟು ಹಾಕಿಕೊಂಡು ಎದ್ದಳು.

“ಕೀಲಿ ಕೊಡ್ರಿ ಸಾಬ್ರೇ.”

ಐದು ವರ್ಷದ ಮಗುವಾಗಿದ್ದಾಗ ಅವನ ಹೆಗಲೇರಿ ಮಾಮ ಎಂದವಳು. ಖಾಜಾ ಕೀಲಿ ಕೊಟ್ಟ. ಅವಳು ಹಿಂತಿರುಗಿ ನೋಡಲಿಲ್ಲ. ರಸ್ತೆಗೆ ಏರಿದ ಕಾರು ಮೆಲ್ಲಗೆ ವೇಗ ಹಿಡಿಯಿತು. ಖಾಜಾ ಕಿವಿಗೊಟ್ಟು ನಿಂತ. ನಡುಕವಿಲ್ಲದೆ, ಒಂದೇ ಸಮನೆ, ಚೆನ್ನಾಗಿ ಹೋಗುತ್ತಿತ್ತು.

ಹಜರಾ ಬೀ ಚಹಾದ ಲೋಟ ಹಿಡಿದು ಹೊರಗೆ ಬಂದಳು. “ಹುಡುಗಿ ಎಲ್ರಿ? ಬಿಸಿ ಮಾಡ್ಕೊಂಡು ತಂದೆ.”

“ಹೋದ್ಲು. ಇವತ್ತು ನಿದ್ದೆ ಮಾಡ್ತಾಳೆ ಬಿಡು.”

“ಮತ್ತೆ ಯಾವಾಗ ಬರ್ತಾಳಂತೆ?”

ಖಾಜಾ ಜೇಬಿನಲ್ಲಿದ್ದ ಒಳ್ಳೆಯ ಬೇರಿಂಗನ್ನು ತೆಗೆದು ಒಮ್ಮೆ ತಿರುಗಿಸಿ ನೋಡಿದ. ಅದು ಸದ್ದಿಲ್ಲದೆ ತಿರುಗಿ ನಿಂತಿತು. ಅದನ್ನು ಗುಜರಿ ಡಬ್ಬಕ್ಕೆ ಹಾಕಿ, ಕೈ ತೊಳೆಯಲು ಒಳಗೆ ಹೋದ.