ಕೆಂಚಮ್ಮ ಬೀಳಿಸದ ಮಗು

ಗಂಡಿನ ಕಡೆಯವರು ಮಾಗಡಿಯಿಂದ ಬರುವ ಹೊತ್ತಾಗಿತ್ತು. ಒಳಗೆ ಕೆಂಚಮ್ಮ ಉಪ್ಪಿಟ್ಟು ಕೆದಕುತ್ತಿದ್ದಳು, ದೊಡ್ಡ ಮಗಳು ಲತಾಮಣಿ ಸೀರೆಯ ನೆರಿಗೆಯ ಜೊತೆ ಗುದ್ದಾಡುತ್ತಿದ್ದಳು. ಅವಳ ಅಪ್ಪ ದಾಸಪ್ಪ ಜಗಲಿಯ ಬೆಂಚನ್ನು ಒರೆಸಿದ್ದೇ ಒರೆಸಿದ್ದು. ಹಾರೋಹಳ್ಳಿಯ ಹೊಸ ಕಾರ್ಖಾನೆಯಲ್ಲಿ ಕೆಲಸವಿರುವ ಹುಡುಗ, ಈ ಸಂಬಂಧ ಕೈತಪ್ಪಬಾರದು.

ಆದರೆ ಹೋದ ವಾರ ಬೆಂಗಳೂರಿನ ಆಸ್ಪತ್ರೆಯಲ್ಲಿ ನಡೆದದ್ದು ದಾಸಪ್ಪನನ್ನು ಕಾಡುವುದು ಬಿಟ್ಟಿರಲಿಲ್ಲ. ಕಿರಿಯವಳು ನವ್ಯಶ್ರೀಯ ಎಡಗೆನ್ನೆಯ ಮೂಳೆ ಚಿಕ್ಕಂದಿನಿಂದಲೂ ಊದಿಕೊಂಡೇ ಬೆಳೆದಿತ್ತು. ವಂಶದಲ್ಲೇ ದೋಷವಿದೆ ಎಂದು ಜನ ಆಡಿಕೊಂಡರೆ ಹೆಣ್ಣುಮಕ್ಕಳನ್ನು ಯಾರು ಕೇಳುತ್ತಾರೆ ಎಂದು ಹೆದರಿ, 'ನಮ್ ಕೆಂಚಮ್ಮನೇ ಮಗೀನ ಕಂಕುಳಿಂದ ಬೀಳುಸ್ಬುಟ್ಲು' ಎಂದು ಅವನು ಊರಿಗೆಲ್ಲ ಹೇಳಿಬಿಟ್ಟಿದ್ದ. ಮಕ್ಕಳ ಮುಖ ನೋಡಿ ಕೆಂಚಮ್ಮ ಬಾಯಿ ಮುಚ್ಚಿಕೊಂಡಿದ್ದಳು. ಡಾಕ್ಟರಮ್ಮ ಕೇಳಿದಾಗಲೂ, ಹೆಂಡತಿ ಪಕ್ಕದಲ್ಲಿರುವಾಗಲೇ, ಅದೇ ಸುಳ್ಳು ನಾಲಿಗೆಗೆ ಬಂತು.

"ಬಿದ್ದರೆ ಹೀಗಾಗಲ್ಲ," ಎಂದರು ಆಕೆ. "ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಒಂದೇ ಒಂದು ಜೀವಕೋಶದ ಜೀನ್ ತಾನಾಗೇ ಬದಲಾಗಿರುತ್ತೆ. ಅದರಿಂದ ಬೆಳೆದ ಮೂಳೆಗಷ್ಟೇ ಈ ತೊಂದರೆ. ಅಪ್ಪನಿಂದಲೂ ಬಂದಿಲ್ಲ, ಅಮ್ಮನಿಂದಲೂ ಬಂದಿಲ್ಲ, ನಾಳೆ ಇವಳ ಮಕ್ಕಳಿಗೂ ಹೋಗಲ್ಲ. ಯಾರ ತಪ್ಪೂ ಅಲ್ಲ."

ಯಾರ ತಪ್ಪೂ ಅಲ್ಲದ್ದನ್ನು ಹೆಂಡತಿಯ ತಲೆಗೆ ಕಟ್ಟಿ ತಾನು ಹಾಯಾಗಿದ್ದ! ವಾಪಸು ಬರುವಾಗ ಅವಳ ಪಕ್ಕ ಕೂರಲೂ ನಾಚಿಕೆಯಾಗಿ, ಬಸ್ಸಿನಲ್ಲಿ ನಿಂತೇ ಬಂದಿದ್ದ.

ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದರು, ಹುಡುಗಿಯನ್ನು ಒಪ್ಪಿದಂತೆಯೇ ಮಾತಾಡಿದರು. ನವ್ಯಶ್ರೀಯ ಕೆನ್ನೆಯ ಕಥೆ ಅವರ ಕಿವಿಗೆ ಮೊದಲೇ ಬಿದ್ದಿತ್ತು. ಗಂಡಿನ ಅಕ್ಕನ ಮಗು ಅತ್ತಾಗ ಎತ್ತಿಕೊಳ್ಳಲು ಕೆಂಚಮ್ಮ ಕೈ ಚಾಚಿದಳು. ಗಂಡಿನ ತಾಯಿ ಅಂಬುಜಮ್ಮ ಮಗುವನ್ನು ಚಟ್ಟನೆ ತನ್ನತ್ತ ಎಳೆದುಕೊಂಡು ನಕ್ಕಳು.

"ಬ್ಯಾಡ ಬುಡಿ ಬೀಗ್ತಿ, ಇದ್ನೂ ಬೀಳುಸ್ಬುಟ್ಟೀರಿ!"

ಎಲ್ಲರೂ ನಕ್ಕರು. ಕೆಂಚಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ದಾಸಪ್ಪ ನಾಚಿಕೆಯಿಂದ ಕುಗ್ಗುತ್ತಲೇ ಎದ್ದು ನಿಂತ.

"ಅವ್ಳು ಬೀಳ್ಸಿಲ್ಲ ಕಣವ್ವ," ಎಂದ. "ನಾನೇ ಸುಳ್ ಯೋಳಿದ್ದು. ನಮ್ ವಂಸದ್ ಮೇಲೆ ಮಾತ್ ಬತ್ತದೆ ಅಂತ ಇವ್ಳ್ ತಲೆಗ್ ಕಟ್ಬುಟ್ಟೆ." ಡಾಕ್ಟರಮ್ಮ ಹೇಳಿದ್ದನ್ನೂ ತೊದಲುತ್ತ ಒಪ್ಪಿಸಿದ.

ಗಂಡಿನ ತಂದೆ ಅಂಕಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. "ಜೀನೋ ಗೀನೋ, ಅದೆಲ್ಲ ನಮ್ಗೆ ಗೊತ್ತಾಗಾಕಿಲ್ಲ. ಇಷ್ಟ್ ದಿನ ಸುಳ್ ಯೋಳ್ದೋರು ಇವತ್ ದಿಟ ಯೋಳ್ತಾವ್ರೆ ಅಂತ ಹೆಂಗ್ ನಂಬೋದು? ಯೋಚ್ನೆ ಮಾಡಿ ಯೋಳಿ ಕಳುಸ್ತೀವಿ."

ಅವರು ಹೋದ ಮೇಲೆ ದಾಸಪ್ಪನಿಗೆ ದೊಡ್ಡ ಮಗಳ ಎದುರು ತಲೆ ಎತ್ತಲಾಗಲಿಲ್ಲ. "ನಿನ್ ಸಂಬಂದ ಕೆಡುಸ್ಬುಟ್ನಲ್ಲವ್ವ," ಎಂದ.

ಲತಾಮಣಿ ಅಳುತ್ತಿದ್ದಳು. ಅಳುತ್ತಲೇ, "ಕೆಟ್ರೆ ಕೆಡ್ಲಿ ಬುಡಪ್ಪ," ಎಂದಳು.

ಕೆಂಚಮ್ಮ ಗಂಡನ ಎದುರಿಗೆ ಬಂದು ನಿಂತಳು. "ಮಾಗಡಿಯೋರ್ಗೆ ಯೋಳಿದ್ರಿ. ನಮ್ ಬೀದಿಯೋರ್ಗೆ?"

ಸಂಜೆ ದಾಸಪ್ಪ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಾಗ, ಎಂದೂ ಇಲ್ಲದಂತೆ ಅವಳೂ ಜೊತೆಗೆ ಬಂದಳು. ಅರ್ಧ ಊರು ಅಲ್ಲಿ ಸಾಲು ನಿಂತಿತ್ತು. ದಾಸಪ್ಪ ಕ್ಯಾನು ಕೆಳಗಿಟ್ಟು, "ಒಸಿ ಕೇಳ್ರಪ್ಪ... ನಮ್ ಕೆಂಚಮ್ಮ ಮಗೀನ ಬೀಳ್ಸಿರ್ನಿಲ್ಲ," ಎಂದು ಗೊಣಗಿದ.

"ಹಿಂದಿರೋರ್ಗೂ ಕೇಳ್ಲಿ," ಎಂದಳು ಕೆಂಚಮ್ಮ. "ಗಟ್ಟಿಯಾಗ್ ಯೋಳಿ."